ಕಾಯಕ, ದಾಸೋಹ ಮತ್ತು ಲಕ್ಕಮ್ಮನ ಅಕ್ಕಿ



ಧರ್ಮವನ್ನು ದೈನಂದಿನ ಬದುಕಿನಲ್ಲಿ ಅಳವಡಿಸಿಕೊಳ್ಳಬೇಕೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಶಾಲೆಯ ಪ್ರಾರ್ಥನೆಯಲ್ಲಿ, ಮಠದ ಅಂಗಳದಲ್ಲಿ, ಮದುವೆಯ ಮಂಟಪದಲ್ಲಿ ಈ ಮಾತು ತಪ್ಪದೆ ಕೇಳಿಬರುತ್ತದೆ. ಆದರೆ ಅಳವಡಿಸಿಕೊಳ್ಳುವುದೆಂದರೇನು? ಬೆಳಗಿನ ಪೂಜೆ ಮುಗಿಸಿ ಅಂಗಡಿಗೆ ಹೋದವನು ತಕ್ಕಡಿ ಹಿಡಿದಾಗ, ಆ ಪೂಜೆ ತಕ್ಕಡಿಯವರೆಗೂ ಬರುತ್ತದೆಯೇ ಅಥವಾ ದೇವರ ಕೋಣೆಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆಯೇ? ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಅತ್ಯಂತ ನಿಷ್ಠುರವಾಗಿ ಕೇಳಿದವರು 12ನೆಯ ಶತಮಾನದ ಶರಣರು. ಅವರು ಕೊಟ್ಟ ಉತ್ತರ ನಮ್ಮೆಲ್ಲರ ಬಾಯಲ್ಲಿದೆ. ಆದರೆ ಆ ಉತ್ತರದ ಅರ್ಧಭಾಗವನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆಂಬುದು ನನ್ನ ಅಭಿಪ್ರಾಯ. ಉಳಿದರ್ಧವನ್ನು ನೆನಪಿಸುವುದೇ ಈ ಬರಹದ ಉದ್ದೇಶ.

ಮೊದಲಿಗೆ ಕಾಲ ಮತ್ತು ಸ್ಥಳ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅದು ಚಾಲುಕ್ಯರ ರಾಜಧಾನಿಯಾಗಿತ್ತು. ಅವರ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳನು ಮುಂದೆ ಅವರ ಸಿಂಹಾಸನವನ್ನೇ ತನ್ನದಾಗಿಸಿಕೊಂಡನು. ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಈ ಬಿಜ್ಜಳನ ಭಂಡಾರಿಯಾಗಿದ್ದರು. 1260ರ ಅರ್ಜುನವಾಡ ಶಾಸನದಲ್ಲಿ ಬಸವಣ್ಣನವರ ಉಲ್ಲೇಖವಿದೆ. 13ನೆಯ ಶತಮಾನದ ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರ ಭೀಮಕವಿಯ ಕನ್ನಡ ಬಸವಪುರಾಣ, 15ನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆ ಇವು ನಮಗಿರುವ ಮುಖ್ಯ ಆಕರಗಳು. ಇವುಗಳಲ್ಲಿ ಬರುವ ಪವಾಡಗಳನ್ನೆಲ್ಲ ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಒಂದು ಸಮುದಾಯ ತನ್ನ ಹಿರಿಯರ ಯಾವ ಗುಣವನ್ನು ನೆನಪಿಟ್ಟುಕೊಂಡಿತು, ಯಾವುದನ್ನು ದೊಡ್ಡದೆಂದು ಮಕ್ಕಳಿಗೆ ಹೇಳಿತು ಎಂಬುದೂ ಇತಿಹಾಸವೇ. ತರಗತಿಯಲ್ಲಿ ನಾನು ಈ ಭೇದವನ್ನು ಪದೇಪದೇ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಅಂದಿನ ಧಾರ್ಮಿಕ ಜೀವನದ ಕೇಂದ್ರ ದೇವಾಲಯ. ಅರಸರೂ ಶ್ರೀಮಂತರೂ ಅದಕ್ಕೆ ಭೂಮಿಯನ್ನು ದತ್ತಿ ಬಿಡುತ್ತಿದ್ದರು, ಪೂಜೆಗೆ ಅರ್ಚಕರಿದ್ದರು. ಹೊಲ ಉಳುವವನು, ಬಟ್ಟೆ ಒಗೆಯುವವನು, ತೊಗಲು ಹದಮಾಡುವವನು ದೇವರಿಂದ ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಅವನ ಹುಟ್ಟಿನಿಂದಲೇ ನಿಶ್ಚಯವಾಗುತ್ತಿತ್ತು. ಶರಣರು ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದಾಗ ಈ ವ್ಯವಸ್ಥೆಯ ಬುಡವೇ ಅಲುಗಿತು. ದೇವರು ಭಕ್ತನ ಎದೆಯ ಮೇಲಿರುವಾಗ ನಡುವೆ ಅರ್ಚಕ ಬೇಕಾಗಿಲ್ಲ, ದೂರ ನಿಲ್ಲುವ ಪ್ರಶ್ನೆಯೂ ಇಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಪರಿಣಾಮವಿದೆ. ಅಗಸನ ಎದೆಯ ಮೇಲಿನ ಲಿಂಗ ಅವನೊಡನೆ ಹಳ್ಳಕ್ಕೆ ಹೋಗುತ್ತದೆ; ಅಂಬಿಗನ ಲಿಂಗ ದೋಣಿ ಏರುತ್ತದೆ; ಸುಂಕದವನ ಲಿಂಗ ಸುಂಕದ ಕಟ್ಟೆಯಲ್ಲಿ ಕೂರುತ್ತದೆ. ಹೀಗೆ ದೇವರು ಕೆಲಸದ ಜಾಗಕ್ಕೇ ಬಂದ ಮೇಲೆ ಕೆಲಸವನ್ನು ಅಪ್ರಾಮಾಣಿಕವಾಗಿ ಮಾಡುವುದೂ ಪೂಜೆಯಲ್ಲಿ ಕಪಟ ಮಾಡುವುದೂ ಒಂದೇ ಆಗುತ್ತದೆ. ಕಾಯಕತತ್ತ್ವ ಹುಟ್ಟಿದ್ದು ಇಲ್ಲಿ ಎಂದು ನಾನು ತಿಳಿದಿದ್ದೇನೆ.

ಶರಣರ ಹೆಸರುಗಳನ್ನೇ ನೋಡಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ, ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ, ಸುಂಕದ ಬಂಕಣ್ಣ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ರಾಟೆಯಲ್ಲಿ ನೂಲು ತೆಗೆಯುವ ಹೆಣ್ಣುಮಗಳೂ ಒರಳಲ್ಲಿ ಭತ್ತ ಕುಟ್ಟುವ ಹೆಣ್ಣುಮಗಳೂ ತಮ್ಮ ಉದ್ಯೋಗದ ಹೆಸರಿನಿಂದಲೇ ವಚನಕಾರ್ತಿಯರಾಗಿ ಉಳಿದಿದ್ದಾರೆ. ಯಾವ ಕಸುಬನ್ನು ಲೋಕ ಕೀಳೆಂದಿತೋ ಅದನ್ನೇ ಅವರು ಹೆಸರಿನ ಮುಂದೆ ಬಿರುದಿನಂತೆ ಇಟ್ಟುಕೊಂಡರು.

ಕಾಯಕವೇ ಕೈಲಾಸವೆಂಬ ಮಾತನ್ನು ಬಹುಮಂದಿ ಬಸವಣ್ಣನವರದೆಂದು ತಿಳಿದಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಈತ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದವನು. ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ಜಂಗಮದಾಸೋಹ ನಡೆಸುತ್ತಿದ್ದವನು. ನಾಡಿನ ಅತ್ಯಂತ ಪ್ರಸಿದ್ಧವಾದ ಶ್ರಮದ ಸೂತ್ರವನ್ನು ಹೇಳಿದವನು ಮಂತ್ರಿಯಲ್ಲ, ಪಂಡಿತನಲ್ಲ, ನೆಲಕ್ಕೆ ಬಿದ್ದ ಕಾಳನ್ನು ಆಯುತ್ತಿದ್ದ ಬಡವ. ಮಾತಿನ ತೂಕ ಇರುವುದೇ ಅಲ್ಲಿ.

ಒಂದು ದಿನ ಮಾರಯ್ಯ ಶರಣರ ಅನುಭಾವದ ಮಾತು ಕೇಳುತ್ತ ಮೈಮರೆತ. ಹೆಂಡತಿ ಲಕ್ಕಮ್ಮ ಬಂದು ಎಚ್ಚರಿಸಿದಳು: ಕಾಯಕದ ಹೊತ್ತು ಮೀರಿತು, ಏಳು. ಸತ್ಸಂಗವನ್ನು ಬಿಟ್ಟು ಅಕ್ಕಿ ಆಯಲು ಹೋಗೆನ್ನುವ ಈ ಎಚ್ಚರಿಕೆಯೇ ಆಶ್ಚರ್ಯಕರವಾದುದು. ಇನ್ನೂ ದೊಡ್ಡ ಪಾಠ ಮುಂದಿದೆ. ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ. ಅದನ್ನು ಕಂಡು ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೊಂದು ಆಸೆ ಆಳುವವರಿಗೆ ಇರಬಹುದು, ಭಕ್ತರಾದ ನಮಗೇಕೆ ಎಂಬರ್ಥದ ಮಾತಾಡಿ, ಹೆಚ್ಚಾದ ಅಕ್ಕಿಯನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ಹಾಗೆಯೇ ಮಾಡಿದ.

ಗಮನಿಸಿರಿ, ಆ ಅಕ್ಕಿ ಕದ್ದದ್ದಲ್ಲ. ಯಾವ ಕಾನೂನಿನಿಂದಲೂ ತಪ್ಪಲ್ಲ. ಬಿದ್ದಿತ್ತು, ಆಯ್ದ. ಆದರೂ ಲಕ್ಕಮ್ಮನ ದೃಷ್ಟಿಯಲ್ಲಿ ಇಂದಿನ ಅಗತ್ಯಕ್ಕಿಂತ ಹೆಚ್ಚಾದುದು ಮತ್ತೊಬ್ಬರ ಪಾಲು. ದುಡಿಮೆ ಪ್ರಾಮಾಣಿಕವಾಗಿದ್ದರೆ ಸಾಲದು, ಗಳಿಕೆಗೊಂದು ಮಿತಿ ಬೇಕು ಎಂಬ ವಿಚಾರವನ್ನು 850 ವರ್ಷಗಳ ಹಿಂದೆ ಒಬ್ಬ ಬಡ ಗೃಹಿಣಿ ತನ್ನ ಅಡುಗೆಮನೆಯಲ್ಲಿ ನಿಂತು ನಿರ್ಧರಿಸಿದಳು.

ನುಲಿಯ ಚಂದಯ್ಯನ ಕಥೆಯೂ ಇದೇ ಜಾತಿಯದು. ಕೆರೆಯ ಬದಿಯಲ್ಲಿ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಈತನ ಕಾಯಕ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಆತ ಎತ್ತಿಕೊಳ್ಳದೆ ಕೆಲಸ ಮುಂದುವರಿಸಿದನಂತೆ. ಲಿಂಗವೇ ಬೆನ್ನು ಹತ್ತಿ ಬಂದಾಗ, ನೀನೂ ಕಾಯಕ ಮಾಡುವುದಾದರೆ ಮಾತ್ರ ಬಾ ಎಂದನಂತೆ. ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ಒಪ್ಪಂದ ಮಾಡಿಸಿದರು; ಹಗ್ಗ ಮಾರುವ ಕೆಲಸ ಲಿಂಗದ ಪಾಲಿಗೆ ಬಂತು. ಆ ಹಗ್ಗಕ್ಕೆ ಅದರ ಬೆಲೆಗಿಂತ ಎಷ್ಟೋ ಪಟ್ಟು ಹೊನ್ನು ಬಂದಾಗ ಚಂದಯ್ಯ ಅದನ್ನು ಒಪ್ಪಲಿಲ್ಲ, ನ್ಯಾಯವಾದ ಬೆಲೆಯೇ ಬೇಕೆಂದ. ಪವಾಡವನ್ನು ಬದಿಗಿಟ್ಟು ನೋಡಿದರೆ ಕಥೆ ಹೇಳುವುದು ಎರಡು ಮಾತು: ಕೆಲಸದಿಂದ ಯಾರಿಗೂ, ದೇವರಿಗೂ ರಿಯಾಯಿತಿಯಿಲ್ಲ, ವಸ್ತುವಿನ ಬೆಲೆಗಿಂತ ಹೆಚ್ಚು ಪಡೆಯುವುದು, ಕೊಡುವವನು ಸಂತೋಷದಿಂದ ಕೊಟ್ಟರೂ, ಕಾಯಕವಲ್ಲ.

ಹಾಗಾದರೆ ಶ್ರಮದಿಂದ ಬಂದುದು ಎಲ್ಲಿಗೆ ಹೋಗಬೇಕು? ಇದಕ್ಕೆ ಶರಣರ ಉತ್ತರ ದಾಸೋಹ. ದಾನಕ್ಕೂ ದಾಸೋಹಕ್ಕೂ ಅಂತರವಿದೆ. ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಅದೂ ಸ್ವಂತ ಬೆವರಿನದಾಗಿರಬೇಕು. ಅನ್ಯಾಯದಿಂದ ಗಳಿಸಿ ಅನ್ನಸಂತರ್ಪಣೆ ಮಾಡಿದರೆ ಅದು ದಾಸೋಹವಾಗದು. ಬಸವಣ್ಣನವರ ವಿಷಯದಲ್ಲಿ ಪರೀಕ್ಷೆ ನಡೆದದ್ದು ಇಲ್ಲಿಯೇ. ಅರಸನ ಭಂಡಾರದ ಹಣವನ್ನು ಜಂಗಮರಿಗಾಗಿ ವ್ಯಯ ಮಾಡುತ್ತಿದ್ದಾರೆಂದು ಕೆಲವರು ಬಿಜ್ಜಳನಿಗೆ ದೂರಿತ್ತರು, ಲೆಕ್ಕ ನೋಡಿದಾಗ ಒಂದು ಹೊನ್ನೂ ಕಡಿಮೆ ಬರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಸತ್ಕಾರ್ಯಕ್ಕಾದರೂ ಸಾರ್ವಜನಿಕ ಹಣ ಮುಟ್ಟಬಾರದೆಂಬ ಅಂಶವನ್ನು ಜನ ನೆನಪಿಟ್ಟುಕೊಂಡರು.

ಇತಿಹಾಸ ಓದಿದ ನನ್ನ ವಿದ್ಯಾರ್ಥಿಗಳಿಗೆ ಮ್ಯಾಕ್ಸ್ ವೇಬರನ ಹೆಸರು ಪರಿಚಿತ. ಐರೋಪ್ಯ ಪ್ರಾಟೆಸ್ಟಂಟ್ ನೀತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಸಂಬಂಧವಿದೆಯೆಂದು ಆತ 1904-05ರಲ್ಲಿ ವಾದಿಸಿದ. ಕಷ್ಟಪಟ್ಟು ದುಡಿಯುವುದು ಧರ್ಮ, ಭೋಗಿಸುವುದು ಪಾಪ. ಆದ್ದರಿಂದ ಉಳಿತಾಯ ಬೆಳೆದು ಬಂಡವಾಳವಾಯಿತೆಂಬುದು ಆ ವಾದದ ಸಾರ. ಕಾಯಕತತ್ತ್ವವನ್ನು ಇದಕ್ಕೆ ಹೋಲಿಸುವವರಿದ್ದಾರೆ. ದುಡಿಮೆಯ ಗೌರವದಲ್ಲಿ ಹೋಲಿಕೆ ನಿಜ. ಆದರೆ ಕೂಡಿಡುವ ಹಂತದಲ್ಲಿ ದಾರಿಗಳು ಅಗಲುತ್ತವೆ. ಅಲ್ಲಿ ಮಿಕ್ಕಿದ್ದು ಪೆಟ್ಟಿಗೆ ಸೇರಿತು. ಇಲ್ಲಿ ಲಕ್ಕಮ್ಮ ಮಿಕ್ಕಿದ್ದನ್ನು ಮನೆಯೊಳಗೇ ಬಿಟ್ಟುಕೊಳ್ಳಲಿಲ್ಲ.

ಇನ್ನು ಮೂರನೆಯ ಅಂಶ, ಎಲ್ಲಕ್ಕಿಂತ ಕಠಿಣವಾದುದು. ಹಲವು ವರ್ಷಗಳ ಹಿಂದೆ ತರಗತಿಯ ಕಪ್ಪುಹಲಗೆಯ ಮೇಲೆ ದಿನದ ಸೂಕ್ತಿಯಾಗಿ ಮಾರಯ್ಯನ ಮಾತನ್ನು ಬರೆಸಿದ್ದೆ. ಶಾಲೆಯ ಕಸ ಗುಡಿಸುವ ಹೆಣ್ಣುಮಗಳ ಮಗಳು ಅದೇ ತರಗತಿಯಲ್ಲಿದ್ದಳು. ಎದ್ದು ನಿಂತು ಕೇಳಿದಳು: “ಸರ, ನಮ್ಮವ್ವನ ಕೆಲಸಾನೂ ಕೈಲಾಸ ಏನ್ರಿ? ಹಂಗಿದ್ರ ಊರಾಗ ಆಕಿಗಿ ನೀರು ಮ್ಯಾಲಿಂದ ಯಾಕ ಹೊಯ್ತಾರ್ರಿ?” ತರಗತಿ ಸ್ತಬ್ಧವಾಯಿತು. ನಾನು ಅಂದಿನ ಪಾಠವನ್ನು ನಿಲ್ಲಿಸಿ ಹರಳಯ್ಯ ಮತ್ತು ಮಧುವರಸರ ವಿಷಯ ಹೇಳಿದೆ. ಪಾದರಕ್ಷೆ ಮಾಡುವ ಹರಳಯ್ಯನ ಮಗನಿಗೆ, ಬ್ರಾಹ್ಮಣ ಮೂಲದ ಮಂತ್ರಿ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತು. ಕಸುಬಿನಲ್ಲಿ ಮೇಲುಕೀಳಿಲ್ಲವೆಂಬ ಮಾತನ್ನು ಕೇಳುವವರೆಗೆ ಕಲ್ಯಾಣ ಸುಮ್ಮನಿತ್ತು. ಆ ಮಾತು ಮದುವೆಯ ಮನೆಯನ್ನು ಪ್ರವೇಶಿಸಿದಾಗ ಸಹಿಸಲಿಲ್ಲ. ತಂದೆಯರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಆಳ್ವಿಕೆ ಮುಗಿಯಿತು. ಚೆನ್ನಬಸವಣ್ಣನವರೊಡನೆ ಶರಣರ ಒಂದು ತಂಡ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ದಾರಿ ಹಿಡಿಯಿತು.

ಆ ಹುಡುಗಿ ಕೇಳಿದ ಪ್ರಶ್ನೆಗೆ ಇತಿಹಾಸದ ಪಾಠ ಉತ್ತರವಾಗಲಾರದು. ಅದಕ್ಕೆ ಉತ್ತರ ಕೊಡಬೇಕಾದವರು ನೀರು ಹೊಯ್ಯುವವರು. ಆದರೆ ಆ ಪ್ರಶ್ನೆ ಹೊಸದಲ್ಲ, ಅದನ್ನು ಕೇಳಿದ್ದಕ್ಕೆ ಪ್ರಾಣ ತೆತ್ತವರಿದ್ದಾರೆಂದು ತಿಳಿದಾಗ ಆಕೆಯ ಮುಖದಲ್ಲಿ ಮೂಡಿದ ಗಾಂಭೀರ್ಯವನ್ನು ನಾನು ಮರೆತಿಲ್ಲ.

ಈ ತತ್ತ್ವ ನಮ್ಮ ಕಾಲಕ್ಕೂ ನಡೆದು ಬಂದುದಕ್ಕೆ ಒಂದು ನಿದರ್ಶನ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿ, ಕೈತುಂಬ ಗಳಿಸಬಹುದಾಗಿದ್ದವರು. ಅವರು ಊರೂರು ಅಲೆದು, ಮನೆಗಳ ಅಟ್ಟಗಳಲ್ಲಿಯೂ ಮಠಗಳಲ್ಲಿಯೂ ಧೂಳು ತಿನ್ನುತ್ತಿದ್ದ ತಾಡೋಲೆಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅಚ್ಚಿಗಾಗಿ ಪರರನ್ನು ಅವಲಂಬಿಸಬಾರದೆಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು. 1964ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದ ಆಸ್ತಿ ಗ್ರಂಥಗಳು. ಕಾಯಕ ಮತ್ತು ದಾಸೋಹದ ಬಗ್ಗೆ ಪುಸ್ತಕ ಪ್ರಕಟಿಸಿದ ಆ ಮನುಷ್ಯ ಅವೆರಡನ್ನೂ ಬದುಕಿಯೇ ತೋರಿಸಿದರು. ನಾವು ಇಂದು ಲಕ್ಕಮ್ಮನ ಮಾತನ್ನು ಓದಬಲ್ಲೆವಾದರೆ ಅದಕ್ಕೆ ಅವರೂ ಕಾರಣ.

ಸರ್ಕಾರದ ವ್ಯವಹಾರದಲ್ಲಿಯೂ ಈ ಪದಗಳು ಸೇರಿಕೊಂಡಿವೆ. 2002ರಲ್ಲಿ ಮೊದಲು ಈಶಾನ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಆರಂಭವಾಗಿ ಬಳಿಕ ನಾಡಿನಾದ್ಯಂತ ಹರಡಿದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟರು. ಒಂದೇ ಸಾಲಿನಲ್ಲಿ ಎಲ್ಲ ಮಕ್ಕಳೂ ಕುಳಿತು ಉಣ್ಣುವ ಶಾಲೆಗಳಲ್ಲಿ ಆ ಹೆಸರು ಸಾರ್ಥಕವಾಗಿದೆ. 2024ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಇಡುವಂತೆ ಆದೇಶವಾಯಿತು. ಇದು ಸಂತೋಷದ ಸಂಗತಿ. ಆದರೆ ಗೋಡೆಯ ಮೇಲಿನ ಚಿತ್ರದ ಕೆಳಗೆ ಕುಳಿತವರು, ತಮ್ಮ ಮುಂದಿನ ಕಡತ ಯಾರ ಪಾಲಿನ ಅಕ್ಕಿ ಎಂಬುದನ್ನು ಯೋಚಿಸಬೇಕು.

ಕಾಯಕದ ಮಾತನ್ನು ಇಂದು ಹೆಚ್ಚಾಗಿ ಹೇಳುವವರು ದುಡಿಸುವವರು, ಕೇಳುವವರು ದುಡಿಯುವವರು. ಸಂಬಳ ಹೆಚ್ಚಿಸಿ ಎಂದವನಿಗೆ ಅದನ್ನು ಉಪದೇಶವಾಗಿ ಕೊಡುವುದನ್ನು ಕಂಡಿದ್ದೇನೆ. ಇದು ಮಾರಯ್ಯನಿಗೆ ಮಾಡುವ ಅನ್ಯಾಯ. ಆತ ಆ ಮಾತನ್ನು ಹೇಳಿದ್ದು ತನಗೆ, ತನ್ನ ಕೆಲಸದ ಬಗ್ಗೆ. ಪ್ರಾಮಾಣಿಕವಾಗಿ ದುಡಿ, ಅಗತ್ಯಕ್ಕಿಂತ ಹೆಚ್ಚನ್ನು ಹಿಡಿದಿಟ್ಟುಕೊಳ್ಳಬೇಡ, ಮತ್ತೊಬ್ಬನ ಕಸುಬನ್ನು ಕೀಳೆನ್ನಬೇಡ: ಈ ಮೂರೂ ಕೂಡಿದರೆ ಮಾತ್ರ ಆ ಸೂತ್ರ ಪೂರ್ಣ. ಮೊದಲನೆಯದನ್ನು ಬಡವನಿಗೆ ಬಿಟ್ಟು, ಉಳಿದೆರಡನ್ನು ಮರೆತರೆ ಅದು ಧರ್ಮವಾಗದು.

ನಿಮ್ಮಲ್ಲಿ ಈಗ ಅಧಿಕಾರಿಗಳಿದ್ದೀರಿ, ವೈದ್ಯರಿದ್ದೀರಿ, ಒಕ್ಕಲುತನ ಮಾಡುವವರಿದ್ದೀರಿ, ಪರದೇಶದಲ್ಲಿ ಗಣಕಯಂತ್ರದ ಮುಂದೆ ದುಡಿಯುವವರಿದ್ದೀರಿ. ಲಕ್ಕಮ್ಮನಂತೆ ಎಲ್ಲವನ್ನೂ ಹಿಂದಿರುಗಿಸಿ ಎಂದು ಹೇಳುವಷ್ಟು ಅವ್ಯವಹಾರಿ ನಾನಲ್ಲ. ಮಕ್ಕಳ ಶಿಕ್ಷಣ, ಮುಪ್ಪಿನ ಕಾಲ ಎಲ್ಲಕ್ಕೂ ಹಣ ಬೇಕು. ಆದರೆ ತಿಂಗಳಿಗೊಮ್ಮೆ ಸಂಬಳ ಕೈಸೇರಿದಾಗ, ಇದರಲ್ಲಿ ಇನ್ನೊಬ್ಬರ ಅಕ್ಕಿ ಸೇರಿದೆಯೇ ಎಂದು ಒಂದು ಕ್ಷಣ ನೋಡಿಕೊಳ್ಳಿರಿ. ಮನೆಗೆಲಸಕ್ಕೆ ಬರುವವರಿಗೆ ನೀರು ಕೊಡುವಾಗ ಯಾವ ಲೋಟದಲ್ಲಿ ಕೊಡುತ್ತೀರೆಂಬುದನ್ನೂ ನೋಡಿಕೊಳ್ಳಿರಿ. ಅಷ್ಟನ್ನು ಮಾಡಿದರೆ ನಿಮಗೆ ಪಾಠ ಹೇಳಿದ್ದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.