ಮರೆಯಲ್ಲಿರುವ ಪೆಟ್ಟಿಗೆ, ಹೊರಗಿರಬೇಕಾದ ಕಣ್ಣು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ವೀಕ್ಷಕರೇ, ಈಗಿನ ಕಾಲಕ್ಕೆ ಅದರ ಜೊತೆ ಇನ್ನೊಂದು ಸೇರಿಸಬೇಕು. ಟಿವಿ ಯೂನಿಟ್ ಮಾಡಿಸಿ ನೋಡು! ಇಂಟೀರಿಯರ್‌ನವರು ಬರ್ತಾರೆ. ಸೆಟ್‌ಟಾಪ್ ಬಾಕ್ಸು, ಹೋಮ್ ಥಿಯೇಟರು, ವೈರುಗಳು, ಎಲ್ಲವನ್ನೂ ಪ್ಲೈವುಡ್ ಬಾಗಿಲ ಹಿಂದೆ ತಳ್ಳಿ ಗೋಡೆಯನ್ನು ಚೊಕ್ಕ ಮಾಡಿಕೊಟ್ಟು ಹೋಗ್ತಾರೆ. ಅವತ್ತು ಸಂಜೆಯೇ ಪಜೀತಿ ಶುರು. ಎಷ್ಟು ಒತ್ತಿದರೂ ಚಾನೆಲ್ ಬದಲಾಗಲ್ಲ. ಕಪಾಟಿನ ಬಾಗಿಲು ತೆಗೆದರೆ ಮಾತ್ರ ಬದಲಾಗುತ್ತೆ!

ಇದು ಬಡಗಿಯ ತಪ್ಪಲ್ಲ. ರಿಮೋಟ್ ಕೆಟ್ಟಿಯೂ ಇಲ್ಲ. ಇದರ ಹಿಂದೆ ಎಪ್ಪತ್ತು ವರ್ಷಗಳ ಒಂದು ಕಥೆಯಿದೆ. ಆ ಕಥೆಯ ಒಂದು ತುದಿ ಅಮೆರಿಕದಲ್ಲಿದೆ. ಇನ್ನೊಂದು ತುದಿ ಎಲ್ಲಿದೆ ಗೊತ್ತಾ? ನಮ್ಮದೇ ತುಮಕೂರು ರಸ್ತೆಯಲ್ಲಿ, ನಾಗಸಂದ್ರ, ಜಾಲಹಳ್ಳಿ, ಪೀಣ್ಯದ ಆಸುಪಾಸಿನಲ್ಲಿ.

ನಾಗಸಂದ್ರದಿಂದಲೇ ಶುರು ಮಾಡೋಣ. ಅಲ್ಲಿನ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ 2022ರ ಜೂನ್ 22ರಂದು ಸ್ವೀಡನ್ನಿನ ಐಕಿಯಾ ಕಂಪನಿಯ ದೊಡ್ಡ ಮಳಿಗೆ ತೆರೆಯಿತು. ಆ ಕಂಪನಿ ಮಾರುವ ಟಿವಿ ಬೆಂಚುಗಳಲ್ಲಿ ಗಾಜಿನ ಬಾಗಿಲಿನವೂ ಇವೆ. ಬಾಗಿಲು ಮುಚ್ಚಿದ್ದರೂ ರಿಮೋಟ್ ಕೆಲಸ ಮಾಡುತ್ತೆ ಅನ್ನೋದನ್ನೇ ಕಂಪನಿ ಅವುಗಳ ಗುಣ ಅಂತ ಹೇಳಿಕೊಳ್ಳುತ್ತೆ. ಗಾಜಿಗೆ ಸಾಧ್ಯವಾಗಿದ್ದು ಪ್ಲೈವುಡ್‌ಗೆ ಯಾಕೆ ಸಾಧ್ಯವಿಲ್ಲ?

ಉತ್ತರ ಸರಳ. ರಿಮೋಟ್ ಕಳಿಸೋದು ಬೆಳಕನ್ನು. ಅದರ ಮೂತಿಯಲ್ಲೊಂದು ಪುಟ್ಟ ಬಲ್ಬ್ ಇರುತ್ತೆ. ಗುಂಡಿ ಒತ್ತಿದಾಗ ಅದು ಸೆಕೆಂಡಿಗೆ ಸುಮಾರು 38 ಸಾವಿರ ಸಲದ ಲೆಕ್ಕದಲ್ಲಿ ಮಿನುಗುತ್ತಾ ತನ್ನ ಸಂಕೇತ ಹೇಳುತ್ತೆ. ಅದು ಇನ್‌ಫ್ರಾರೆಡ್, ಅಂದರೆ ಅತಿಗೆಂಪು ಬೆಳಕು. ನಮ್ಮ ಕಣ್ಣಿಗೆ ಕಾಣಲ್ಲ, ಆದರೆ ಎಷ್ಟೋ ಮೊಬೈಲುಗಳ ಸೆಲ್ಫಿ ಕ್ಯಾಮೆರಾಗೆ ಕಾಣುತ್ತೆ. ಬೇಕಿದ್ದರೆ ರಿಮೋಟನ್ನು ಕ್ಯಾಮೆರಾ ಮುಂದೆ ಹಿಡಿದು ಒತ್ತಿ ನೋಡಿ. ಈ ಬೆಳಕು ಗಾಜಿನಲ್ಲಿ ತೂರುತ್ತೆ. ಮರದಲ್ಲಿ, ಗೋಡೆಯಲ್ಲಿ, ಹಿಂಬದಿಗೆ ಬಣ್ಣ ಬಳಿದ ಗಾಜಿನಲ್ಲಿ ತೂರಲ್ಲ.

ಹಾಗಾದರೆ ಗೋಡೆ ದಾಟುವ ರೇಡಿಯೋ ತರಂಗವನ್ನೇ ಬಳಸಬಹುದಿತ್ತಲ್ಲ? ಜಗದೀಶ್ ಚಂದ್ರ ಬೋಸ್ ಅವರು 1895ರಲ್ಲೇ ಕಲ್ಕತ್ತಾದಲ್ಲಿ ಗೋಡೆಯಾಚೆಗೆ ತರಂಗ ಕಳಿಸಿ ಗಂಟೆ ಬಾರಿಸಿ ತೋರಿಸಿದ್ದರು. ಆದರೂ ಟಿವಿ ಕಂಪನಿಗಳು ಆ ದಾರಿ ಹಿಡಿಯಲಿಲ್ಲ. ಯಾಕೆ? ಅಲ್ಲೇ ಇರೋದು ಸ್ವಾರಸ್ಯ.

ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ಟಿವಿಗೆ ಒಂದು ರಿಮೋಟ್ ತಂದಿತು. ಅದಕ್ಕೆ ಉದ್ದನೆಯ ವೈರು, ಜನ ಎಡವಿ ಬೀಳುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜಿನ್ ಪೋಲಿ ಟಾರ್ಚಿನಂಥ ರಿಮೋಟ್ ಮಾಡಿದರು. ಪರದೆಯ ನಾಲ್ಕು ಮೂಲೆಗೆ ಬೆಳಕು ಬಿಟ್ಟರೆ ನಾಲ್ಕು ಕೆಲಸ. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಟಿವಿ ತನ್ನಷ್ಟಕ್ಕೆ ತಾನೇ ಚಾನೆಲ್ ಬದಲಿಸುತ್ತಿತ್ತು! ರೇಡಿಯೋ ತರಂಗ ಬಳಸೋಣ ಅಂದರೆ ಅದು ಗೋಡೆ ದಾಟಿ ಪಕ್ಕದ ಮನೆಯ ಟಿವಿಯನ್ನೂ ಬದಲಿಸುವ ಭಯ. ಕೊನೆಗೆ 1956ರಲ್ಲಿ ರಾಬರ್ಟ್ ಆಡ್ಲರ್ ಅವರ ವಿನ್ಯಾಸದಲ್ಲಿ ಕಿವಿಗೆ ಕೇಳಿಸದ ಶಬ್ದದ ರಿಮೋಟ್ ಬಂತು. ಅದಕ್ಕೆ ಬ್ಯಾಟರಿಯೇ ಬೇಡ, ಒಳಗಿನ ಅಲ್ಯೂಮಿನಿಯಂ ಕಡ್ಡಿಗೆ ಪುಟ್ಟ ಸುತ್ತಿಗೆ ಬಡಿದರೆ ಸಾಕು. ಸುಮಾರು ಕಾಲು ಶತಮಾನ ಅದೇ ಆಳಿತು. 1980ರ ಹೊತ್ತಿಗೆ ಇನ್‌ಫ್ರಾರೆಡ್ ಅದರ ಜಾಗಕ್ಕೆ ಬಂತು.

ಅಂದರೆ ಗೋಡೆ ದಾಟದಿರುವುದು ಇನ್‌ಫ್ರಾರೆಡ್‌ನ ದೋಷವಲ್ಲ, ಗುಣ. ನಮ್ಮ ಮನೆಯ ಮಾತು ನಮ್ಮ ಮನೆಯಲ್ಲೇ ಇರುತ್ತೆ. ನಾವು ಅದರ ದಾರಿಗೆ ಬಾಗಿಲು ಹಾಕಿದೆವು, ಅಷ್ಟೇ.

ಈಗ ನಮ್ಮ ಊರಿಗೆ ಬನ್ನಿ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1970ರಲ್ಲಿ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ತಯಾರಿಕೆ ಶುರು ಮಾಡಿತು. 1972ರಲ್ಲಿ ದೂರದರ್ಶನಕ್ಕೆ ಟ್ರಾನ್ಸ್‌ಮಿಟರ್ ಮಾಡಿತು. ಆದರೆ ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರ ನವೆಂಬರ್ 1ರಂದು! ಟಿವಿಯ ಭಾಗ ಮಾಡಿದ ಊರು ಟಿವಿ ನೋಡೋಕೆ ಹನ್ನೊಂದು ವರ್ಷ ಕಾಯಿತು. ಅದಕ್ಕಿಂತ ಮೊದಲು ಟಿವಿ ನೋಡಿದವರು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಯವರು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗದಲ್ಲಿ ಊರಿಗೊಂದು ಸೆಟ್. ಅದನ್ನು ಹಚ್ಚೋಕೆ, ಕಾಯೋಕೆ ಒಬ್ಬ ಉಸ್ತುವಾರಿ. ಅವನು ಬಂದರೆ ಟಿವಿ, ಬರದಿದ್ದರೆ ಇಲ್ಲ.

ಎಂಬತ್ತರ ದಶಕದಲ್ಲಿ ಟಿವಿ ಮನೆಯೊಳಗೆ ಬಂತು. ಆಗಲೂ ಅದು ಮರೆಯಲ್ಲೇ ಇತ್ತು, ನೆನಪಿದೆಯಾ? ಮರದ ಪೆಟ್ಟಿಗೆ, ಎಳೆಯುವ ಶಟರ್, ಕೆಲವಕ್ಕೆ ಬೀಗ ಬೇರೆ. ಬೀಗದ ಕೈ ಅಪ್ಪನ ಹತ್ತಿರ. ರಿಮೋಟ್ ಎಲ್ಲಿತ್ತು? ಮನೆಯ ಚಿಕ್ಕ ಮಗುವೇ ರಿಮೋಟು! ಏ ಪುಟ್ಟಾ, ಸೌಂಡ್ ಜಾಸ್ತಿ ಮಾಡೋ ಅಂದರೆ ಓಡಿಹೋಗಿ ತಿರುಗಿಸಬೇಕಿತ್ತು.

ಒಂದೆರಡು ಚಾನೆಲ್ ಇದ್ದಾಗ ಅದು ನಡೆಯಿತು. 1994ರಲ್ಲಿ ಉದಯ ಟಿವಿ ಬಂತು, ಕೇಬಲ್ಲಿನಲ್ಲಿ ಚಾನೆಲ್ಲುಗಳ ಸಾಲೇ ಬಂತು, ರಿಮೋಟ್ ಅನಿವಾರ್ಯವಾಯಿತು. ಆಮೇಲೆ ಕೇಬಲ್ ಡಿಜಿಟಲ್ ಆಗಬೇಕು ಅಂತ ಸರ್ಕಾರ ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರ ಗಡುವು ಕೊಟ್ಟಿತು. ಮನೆಮನೆಗೆ ಸೆಟ್‌ಟಾಪ್ ಬಾಕ್ಸು, ಎರಡನೇ ರಿಮೋಟು. ಟಿವಿ ತೆಳ್ಳಗಾಗಿ ಗೋಡೆಗೆ ಅಂಟಿತು. ಪೆಟ್ಟಿಗೆ ಮಾತ್ರ ಎಲ್ಲಿಡೋದು ಅಂತ ತಿಳಿಯದೆ ಕಪಾಟು ಸೇರಿತು. ಮತ್ತೆ ಶಟರ್ ಕಾಲ!

ಮರೆಯಲ್ಲಿರುವುದನ್ನು ನಿಯಂತ್ರಿಸುವ ವಿದ್ಯೆಯಲ್ಲಿ ನಮ್ಮವರು ಏನು ಕಡಿಮೆಯಾ? ನಾಗಸಂದ್ರದಲ್ಲಿ ಮೆಟ್ರೋ ಹತ್ತಿದರೆ ದಾಸರಹಳ್ಳಿ, ಜಾಲಹಳ್ಳಿ, ಆಮೇಲೆ ಪೀಣ್ಯ ಇಂಡಸ್ಟ್ರಿ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಬಾಹ್ಯಾಕಾಶ ಸೇರಿತು. ಇಸ್ರೋದ ಉಪಗ್ರಹಗಳಿಗೆ ಆಜ್ಞೆ ಕಳಿಸುವ ಇಸ್ಟ್ರಾಕ್ ಕೇಂದ್ರ ಇರುವುದೂ ಪೀಣ್ಯದಲ್ಲೇ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಮಂಗಳನ ಕಕ್ಷೆ ಸೇರುವಾಗ ಏನಾಯಿತು? ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳ ಗ್ರಹದ ಹಿಂದೆ ಮರೆಯಾಯಿತು. ಸಂಕೇತ ಇಲ್ಲಿಂದ ಅಲ್ಲಿಗೆ ಮುಟ್ಟೋಕೆ ಸುಮಾರು 12 ನಿಮಿಷ ಬೇರೆ. ಆದರೂ ಕೆಲಸ ಆಯಿತು. ಮರೆ ಬರುತ್ತೆ ಅಂತ ಲೆಕ್ಕ ಹಾಕಿದ್ದ ವಿಜ್ಞಾನಿಗಳು ಎಲ್ಲ ಆಜ್ಞೆಗಳನ್ನೂ ದಿನಗಳ ಮೊದಲೇ ನೌಕೆಗೆ ಕಳಿಸಿಟ್ಟಿದ್ದರು.

ಪಾಠ ಇಷ್ಟೇ. ಮರೆ ಮಾಡುವ ಮೊದಲೇ ಸಂಕೇತದ ದಾರಿ ಯೋಚಿಸಬೇಕು. ನಮ್ಮ ಕಪಾಟಿಗೂ ದಾರಿಗಳಿವೆ. ಒಂದು, ಗಾಜಿನ ಬಾಗಿಲು. ಎರಡು, ಐಆರ್ ರಿಪೀಟರ್. ಅದರ ಗುಂಡಿಯಷ್ಟು ಚಿಕ್ಕ ಕಣ್ಣನ್ನು ಹೊರಗೆ ಅಂಟಿಸಬೇಕು. ರಿಮೋಟಿನ ಬೆಳಕನ್ನು ಅದು ಹಿಡಿದು ತೆಳ್ಳನೆ ವೈರಿನಲ್ಲಿ ಒಳಗೆ ಕಳಿಸುತ್ತೆ. ವೈರಿನ ತುದಿಯ ಪುಟ್ಟ ಬಲ್ಬ್ ಪೆಟ್ಟಿಗೆಯ ಮುಂದೆ ಅದನ್ನೇ ಮತ್ತೆ ಮಿನುಗಿಸುತ್ತೆ. ಮೂರು, ಬ್ಲೂಟೂತ್ ಅಥವಾ ರೇಡಿಯೋ ರಿಮೋಟ್ ಇರುವ ಪೆಟ್ಟಿಗೆ. ಅದಕ್ಕೆ ಮರದ ಬಾಗಿಲು ಅಡ್ಡಿಯಲ್ಲ. ನಾಲ್ಕು, ಎಚ್‌ಡಿಎಂಐ ವೈರಿನ ಮೂಲಕ ಟಿವಿಯೇ ಪೆಟ್ಟಿಗೆಗೆ ಆಜ್ಞೆ ಕೊಡುವ ಸಿಇಸಿ ವ್ಯವಸ್ಥೆ. ಇದು ಎಲ್ಲ ಪೆಟ್ಟಿಗೆಯಲ್ಲೂ ಇರಲ್ಲ, ಕೇಳಿಯೇ ಕೊಳ್ಳಬೇಕು. ಹಾಗೇ ಬಡಗಿಗೆ ಎರಡು ಮಾತು ಹೇಳಿ. ವೈರಿಗೆ ರಂಧ್ರ ಬಿಡಲಿ, ಆಂಪ್ಲಿಫೈಯರಿನ ಬಿಸಿ ಹೊರಹೋಗೋಕೆ ಗಾಳಿಯ ದಾರಿ ಬಿಡಲಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೆಲ್ಲ ಇತಿಹಾಸ ಯಾಕೆ ಅಂತ ನೀವು ಕೇಳಬಹುದು. ಮಧ್ಯಾಹ್ನದ ಹೊತ್ತು ನಿಮ್ಮ ಮನೆಯಲ್ಲಿ ಯಾರಿರ್ತಾರೆ, ಒಮ್ಮೆ ಯೋಚಿಸಿ. ಮಗ, ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಮನೆಯಲ್ಲಿರೋದು ಅಜ್ಜಿ, ತಾತ. ಮಂಡಿನೋವಿನವರು ಬಗ್ಗಿ ಕಪಾಟಿನ ಬಾಗಿಲು ತೆಗೆಯೋಕಾಗುತ್ತಾ? ಮಗನ ಮೊಬೈಲಿನಲ್ಲಿರುವ ಆಪ್ ಹನ್ನೆರಡು ಗಂಟೆಗೆ ಅವರ ಕೈಗೆ ಸಿಗುತ್ತಾ? ಅವರು ಸುಮ್ಮನೆ ಕೂತು, ಬೆಳಗ್ಗೆ ಯಾರೋ ಹಾಕಿಟ್ಟುಹೋದ ಚಾನೆಲ್ಲನ್ನೇ ಸಂಜೆವರೆಗೂ ನೋಡ್ತಾರೆ. ಕೇಳಿದರೆ, ಇರಲಿ ಬಿಡಪ್ಪಾ, ಇದೇ ಚೆನ್ನಾಗಿದೆ ಅಂತಾರೆ. ಜಾಲಹಳ್ಳಿ, ಪೀಣ್ಯದ ಸುತ್ತಲಿನ ಆ ಅಜ್ಜಂದಿರಲ್ಲಿ ಒಂದು ಕಾಲಕ್ಕೆ ಪಿಕ್ಚರ್ ಟ್ಯೂಬ್ ಜೋಡಿಸಿದವರೂ ಇರಬಹುದು.

ಆಗ ಊರಿನ ಟಿವಿ ಉಸ್ತುವಾರಿಯ ಕೈಯಲ್ಲಿತ್ತು, ಆಮೇಲೆ ಮನೆಯ ಟಿವಿ ಅಪ್ಪನ ಬೀಗದ ಕೈಯಲ್ಲಿತ್ತು. ಆ ಅಧಿಕಾರವನ್ನು ಬಿಡಿಸಿ ಮನೆಯವರೆಲ್ಲರ ಕೈಗೆ ಕೊಟ್ಟಿದ್ದು ರಿಮೋಟ್. ಅಂದಕ್ಕೋಸ್ಕರ ಅದನ್ನು ಕಿತ್ತುಕೊಳ್ಳೋದು ಬೇಡ. ಪೆಟ್ಟಿಗೆ ಒಳಗಿರಲಿ, ವೈರು ಮರೆಯಲ್ಲಿರಲಿ. ಒಂದು ಕಣ್ಣನ್ನು ಮಾತ್ರ ಹೊರಗೆ ಬಿಡಿ. ಟಿವಿ ಯೂನಿಟ್ ಕೆಲಸ ಮುಗಿದ ದಿನ, ಬಾಕಿ ಹಣ ಕೊಡುವ ಮೊದಲು, ಬಾಗಿಲು ಮುಚ್ಚಿ ರಿಮೋಟನ್ನು ಮನೆಯ ಹಿರಿಯರ ಕೈಗೆ ಕೊಡಿ. ಅವರು ಕೂತಲ್ಲಿಂದಲೇ ಚಾನೆಲ್ ಬದಲಾದರೆ ಕೆಲಸ ಸರಿಯಾಗಿದೆ ಅಂತ ಅರ್ಥ.