ಗೋಕಾಕ ಸೀಮೆಯ ಕಸುಬುಗಳು: ಗೆಜೆಟಿಯರಿಗೂ ಗಿರಣಿಗೂ ನಡುವೆ

ಗೋಕಾಕ ಎಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಒಂದು ವರದಿ, ಅದರ ಜಾರಿಗಾಗಿ 1982ರಲ್ಲಿ ನಡೆದ ಚಳವಳಿ. ಆ ವರದಿಗೆ ಹೆಸರು ಬಂದದ್ದು ಊರಿನಿಂದಲ್ಲ, ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಮನೆತನದ ಹೆಸರಿನಿಂದ. ಊರಾದ ಗೋಕಾಕವಾದರೋ ಹಿಂದೆ ಬಣ್ಣಗಾರರ, ನೇಕಾರರ, ಕಾಗದ ಮಾಡುವವರ, ಗೊಂಬೆ ಮಾಡುವವರ ಊರು. ಈ ನಾಲ್ಕು ಕಸುಬುಗಳಲ್ಲಿ ಇಂದಿಗೂ ಊರಿನ ಹೆಸರನ್ನು ಹೊತ್ತು ನಿಂತದ್ದು ಗೊಂಬೆಯೊಂದೇ. ಅವು ಹೇಗೆ ಅಳಿದವು ಎಂಬುದಕ್ಕಿಂತ, ಅಳಿದವುಗಳ ವಿಷಯದಲ್ಲಿ ನಮಗೆ ಉಳಿದಿರುವ ದಾಖಲೆ ಎಂಥದು ಎಂಬುದೇ ಈ ಬರಹದ ಮುಖ್ಯ ಪ್ರಶ್ನೆ.

ಈ ಸೀಮೆ ಪ್ರಾಚೀನ ಕೂಂಡಿ ಮೂರು ಸಾವಿರ ನಾಡಿಗೆ ಸೇರಿದ್ದು. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಬೀಚಣನು ಬೆಳಗಾವಿಯಲ್ಲಿ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಸಂಬಂಧಿಸಿದ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಅವುಗಳಲ್ಲಿ ಬಸದಿಗೆ ಆಯ ಬಿಟ್ಟುಕೊಟ್ಟವರಾಗಿ ಕಾಣಿಸುವವರು ಅರಸರು ಮಾತ್ರವಲ್ಲ. ನಾಡಿನ ಪರದರು, ಲಾಳ ಹಾಗೂ ಮಲೆಯಾಳ ವರ್ತಕರು, ಅಕ್ಕಸಾಲಿಗರು, ಬಟ್ಟೆಯ ವ್ಯಾಪಾರಿಗಳು, ಎಣ್ಣೆಯ ಕಸುಬಿನವರು ಒಂದು ಸಭೆಯಾಗಿ ಸೇರಿ ತಮ್ಮ ತಮ್ಮ ಸರಕಿನ ಮೇಲೆ ಇಂತಿಷ್ಟೆಂದು ಗೊತ್ತು ಮಾಡಿದರು. ಕಸುಬಿನವರು ತಾವೇ ಮುಂದೆ ಬಂದು ಹೆಸರು ಬರೆಯಿಸಿಕೊಂಡ ದಾಖಲೆ ಅದು. ಧರ್ಮದ ಇತಿಹಾಸಕ್ಕಾಗಿ ನಾವು ಓದುವ ಬಸದಿಯ ಶಾಸನವೇ ಈ ಭಾಗದ ಉದ್ದಿಮೆಯ ಇತಿಹಾಸಕ್ಕೂ ಆಧಾರವಾಗುವುದು ಹೀಗೆ. ಸಂಶೋಧಕರು ಸಾಮಾನ್ಯವಾಗಿ ಗುರುಪರಂಪರೆಯ ಭಾಗವನ್ನು ಬಿಡಿಸಿ ಓದಿ, ಆಯದ ಭಾಗವನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಅದು ಸರಿಯಾದ ಕ್ರಮವಲ್ಲವೆಂದು ನನ್ನ ಎಣಿಕೆ.

ಆಮೇಲಿನ ವಿವರವಾದ ದಾಖಲೆಗಾಗಿ ನಾವು ಹೆಚ್ಚುಕಡಿಮೆ ಏಳು ಶತಮಾನ ದಾಟಿ ಬರಬೇಕು. ಮುಂಬಯಿ ಪ್ರಾಂತದ ಗೆಜೆಟಿಯರ್ ಮಾಲೆಯ ಬೆಳಗಾವಿ ಸಂಪುಟ ಹೊರಬಂದದ್ದು 1884ರಲ್ಲಿ. ಅದರ ಸಂಪಾದಕ ಜೇಮ್ಸ್ ಮ್ಯಾಕ್‌ನ್ಯಾಬ್ ಕ್ಯಾಂಪ್‌ಬೆಲ್, ಸ್ಕಾಟ್ಲೆಂಡಿನ ಹೆಸರಾಂತ ಧರ್ಮಶಾಸ್ತ್ರಜ್ಞರೊಬ್ಬರ ಮಗ. ಜಾತಿ, ಕಸುಬು, ಬೆಳೆ, ಸಂತೆ, ದೇವಸ್ಥಾನಗಳನ್ನೆಲ್ಲ ತಾಳ್ಮೆಯಿಂದ ದಾಖಲಿಸಿದ ಆ ಮಾಲೆಯ ಋಣ ನಮ್ಮ ಮೇಲೆ ದೊಡ್ಡದು. ಅದೇ ಪರಂಪರೆಯ, 1908ರ ಇಂಪೀರಿಯಲ್ ಗೆಜೆಟಿಯರ್ ಗೋಕಾಕದ ಬಗೆಗೆ ಹೇಳುವುದರ ಸಾರ ಇಷ್ಟು: ಇಲ್ಲಿ ಹಿಂದೆ ಬಣ್ಣ ಹಾಕುವವರೂ ನೇಯುವವರೂ ಬಹಳ ಮಂದಿ ಇದ್ದರು, ಹಗುರ ಮರದಿಂದಲೂ ಸುತ್ತಮುತ್ತ ಸಿಗುವ ಒಂದು ವಿಶೇಷ ಮಣ್ಣಿನಿಂದಲೂ ಮಾಡುವ ಗೊಂಬೆ, ಹಣ್ಣುಗಳ ಪ್ರತಿರೂಪಗಳು ಹೆಸರಾಗಿವೆ, ಒರಟು ಕಾಗದವೂ ಸ್ವಲ್ಪ ಮಟ್ಟಿಗೆ ತಯಾರಾಗುತ್ತದೆ.

ಬೆಳಗಾವಿ ಸಂಪುಟ ಅಚ್ಚಾದ ಮರುವರ್ಷವೇ, 1885ರಲ್ಲಿ, ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’ ಸ್ಥಾಪನೆಯಾಯಿತು. 1887ರಲ್ಲಿ ಜಲಪಾತದ ನೆತ್ತಿಯ ಮೇಲೆ ನೂಲಿನ ಗಿರಣಿ ತಿರುಗತೊಡಗಿತು. ಹೀಗಾಗಿ ಕ್ಯಾಂಪ್‌ಬೆಲ್ ಸಂಪುಟ, ಯಾರೂ ಉದ್ದೇಶಿಸದೆಯೇ, ಗಿರಣಿ ಬರುವ ಮುಂಚಿನ ಗೋಕಾಕದ ಕೊನೆಯ ಚಿತ್ರವಾಯಿತು. ಮುಂದೆ ಈ ಗಿರಣಿಯ ಆಡಳಿತ ವಹಿಸಿಕೊಂಡ ಮುಂಬಯಿಯ ಫೋರ್ಬ್ಸ್ ಸಂಸ್ಥೆಯನ್ನು 1767ರಲ್ಲಿ ಸ್ಥಾಪಿಸಿದವನು ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯಿಂದ ಬಂದ ಜಾನ್ ಫೋರ್ಬ್ಸ್. ಊರಿನ ಕಸುಬುಗಳನ್ನು ಬರೆದಿಟ್ಟವನೂ ಸ್ಕಾಟ್ಲೆಂಡಿನವನು, ಊರಿನ ದುಡಿಮೆಯ ಸ್ವರೂಪವನ್ನೇ ಬದಲಿಸಿದ ಗಿರಣಿಯನ್ನು ನಡೆಸಿದ ಮನೆತನವೂ ಅಲ್ಲಿಯದು. ಇದು ಬರಿಯ ಯೋಗಾಯೋಗ. ಇದರಿಂದ ಸಿದ್ಧಾಂತ ಹೊರಡಿಸಬೇಕಾಗಿಲ್ಲ.

ಗಿರಣಿಯ ಯಂತ್ರವಿಧಾನ ಸ್ವಾರಸ್ಯಕರವಾದುದು. ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಜಲಪಾತದ ಮೇಲುಭಾಗದಿಂದ ನೀರನ್ನು ಕೊಳವೆಗಳಲ್ಲಿ ಕೆಳಗಿಳಿಸಿ, ಕಣಿವೆಯ ತಳದ ಟರ್ಬೈನ್‌ಗಳನ್ನು ತಿರುಗಿಸಿ, ಆ ಶಕ್ತಿಯನ್ನು ದಪ್ಪ ಹಗ್ಗಗಳ ಮೂಲಕ ಬಂಡೆಯ ಮೇಲಿರುವ ಗಿರಣಿಗೆ ಸಾಗಿಸುತ್ತಿದ್ದರು. ನೀರಿನಿಂದ ಚಕ್ರ, ಚಕ್ರದಿಂದ ಹಗ್ಗ, ಹಗ್ಗದಿಂದ ಕದಿರು. ಏಷ್ಯಾದಲ್ಲೇ ಮೊದಲ ಜಲವಿದ್ಯುತ್ತು ಹುಟ್ಟಿದ್ದು ಇಲ್ಲಿ, 1887ರಲ್ಲಿ ಎಂಬ ಮಾತು ಪ್ರವಾಸಿ ಪುಸ್ತಕಗಳಲ್ಲೆಲ್ಲ ಸಿಗುತ್ತದೆ. ಈ ಮಾತನ್ನು ಉದ್ಧರಿಸುವವರು ಜಲಶಕ್ತಿಯನ್ನೂ ಜಲವಿದ್ಯುತ್ತನ್ನೂ ಬೇರೆ ಬೇರೆಯಾಗಿ ನೋಡಬೇಕು. ಊರಿಗೆ ದೀಪ ಕೊಡುವುದಕ್ಕಾಗಿ ಡಾರ್ಜಿಲಿಂಗಿನ ಸಿದ್ರಾಪೊಂಗಿನಲ್ಲಿ ವಿದ್ಯುದಾಗಾರವಾದದ್ದು 1897ರಲ್ಲಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಗೋಕಾಕದ ಶಕ್ತಿ ಇವೆರಡಕ್ಕಿಂತ ಮೊದಲಿನದು ನಿಜ, ಆದರೆ ಅದು ಗಿರಣಿಯ ಗೋಡೆಯೊಳಗಿನ ಉಪಯೋಗಕ್ಕಾದ ಶಕ್ತಿ. ಜಲಪಾತದ ಹತ್ತಿರ ನದಿಗೆ ಅಡ್ಡಲಾಗಿ ಹಾಕಿದ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯನ್ನು ಇಂದಿನವರು ನೋಟಕ್ಕಾಗಿ ಅರಸಿ ಬರುತ್ತಾರೆ. ಅದೂ ಆ ಗಿರಣಿಯ ಕಾಲದ ನೆನಪೇ.

ಗಿರಣಿ ಬಂತು, ಕೈಕಸುಬು ಸತ್ತಿತು ಎಂದು ಒಂದೇ ಉಸಿರಿನಲ್ಲಿ ಹೇಳುವ ರೂಢಿ ನಮ್ಮಲ್ಲಿದೆ. ಗೋಕಾಕದ ಸಂದರ್ಭದಲ್ಲಿ ಆ ಮಾತು ಅರ್ಧಸತ್ಯ. ಗಿರಣಿ ತಯಾರಿಸಿದ್ದು ಮುಖ್ಯವಾಗಿ ನೂಲು. ನೂಲು ಕೈಮಗ್ಗದ ಆಹಾರ. ಅದರಿಂದ ಕೆಲಸ ಕಳೆದುಕೊಂಡದ್ದು ಮೊದಲು ರಾಟೆ. ವಿಲಾಯತಿ ನೂಲು ಈ ಕೆಲಸವನ್ನು ಆಗಲೇ ಆರಂಭಿಸಿತ್ತು. ಮನೆಯಲ್ಲಿ ಕುಳಿತು ನೂಲುತ್ತಿದ್ದ ಹೆಂಗಸರ ದುಡಿಮೆ ಯಾವ ಪಟ್ಟಿಯಲ್ಲೂ ಕಸುಬೆಂದು ಸೇರದಿದ್ದರಿಂದ, ಅದು ನಿಂತುಹೋದದ್ದೂ ಲೆಕ್ಕಕ್ಕೆ ಬರಲಿಲ್ಲ. ನೇಕಾರನು ಮಾತ್ರ ಗಿರಣಿಯ ನೂಲನ್ನೇ ಕೊಂಡು ಮತ್ತಷ್ಟು ಕಾಲ ಮಗ್ಗದಲ್ಲಿ ಕುಳಿತನು.

ಬಣ್ಣಗಾರನ ಕಥೆ ಬೇರೆ. ಅವನ ಶತ್ರು ಘಟಪ್ರಭೆಯ ದಡದಲ್ಲಿರಲಿಲ್ಲ, ಜರ್ಮನಿಯ ಪ್ರಯೋಗಶಾಲೆಯಲ್ಲಿದ್ದನು. ಮಡ್ಡಿಯ ಬೇರಿನಿಂದ ಕೆಂಪು, ನೀಲಿಯ ಎಲೆಯಿಂದ ನೀಲ ಎಂಬುದು ದಖ್ಖನಿನ ಹಳೆಯ ಪದ್ಧತಿ. ಕೆಂಪು ಬಣ್ಣದ ಸಾರವಾದ ಆಲಿಜರಿನ್ 1869ರಲ್ಲಿ ಕೃತಕವಾಗಿ ಸಿದ್ಧವಾಯಿತು. ಕೃತಕ ನೀಲಿ 1897ರಲ್ಲಿ ಮಾರಾಟಕ್ಕೆ ಬಂತು. ಬೇರು ಅಗೆದು, ಒಣಗಿಸಿ, ಕುಟ್ಟಿ, ದಿನಗಟ್ಟಲೆ ನೆನೆಸಿ ತೆಗೆಯುತ್ತಿದ್ದ ಬಣ್ಣ ಪುಡಿಯ ಡಬ್ಬಿಯಲ್ಲಿ ದೊರೆತ ಮೇಲೆ ಆ ವಿದ್ಯೆಗೆ ಬೆಲೆ ಉಳಿಯಲಿಲ್ಲ. ಈ ಭಾಗದಲ್ಲಿ ನೀಲಗಾರ ಎಂಬ ಅಡ್ಡಹೆಸರು ಈಗಲೂ ಉಂಟು. ಹಂಡೆಯ ನೀಲಿ ಹದಕ್ಕೆ ಬಂದುದನ್ನು ಕಣ್ಣಿನಿಂದ, ಮೂಗಿನಿಂದ, ನಾಲಗೆಯಿಂದ ಹೇಗೆ ಅರಿಯುತ್ತಿದ್ದರು, ಒಂದೊಂದು ಹದಕ್ಕೆ ಏನೆಂದು ಕರೆಯುತ್ತಿದ್ದರು ಎಂಬುದನ್ನು ಆ ಅಡ್ಡಹೆಸರು ಹೇಳಲಾರದು. ಗೆಜೆಟಿಯರಿಗೆ ಬೇಕಾಗಿದ್ದುದು ಸರಕು ಮತ್ತು ಸಂಖ್ಯೆ; ಕಸುಬಿನ ನುಡಿ ಅದಕ್ಕೆ ಬೇಕಾಗಿರಲಿಲ್ಲ.

ಕಾಗದದ ಮಾತೂ ಹೀಗೆಯೇ. ಒರಟಾದ ಆ ಕಾಗದಕ್ಕೆ ಗಿರಣಿಯ ಕಾಗದದ ಎದುರು ನಿಲ್ಲುವ ಶಕ್ತಿ ಇರಲಿಲ್ಲ. ಆದರೆ ಉತ್ತರ ಕರ್ನಾಟಕದ ಮಠ, ಬಸದಿ, ದೇಸಾಯರ ವಾಡೆಗಳಲ್ಲಿ ದೊರೆಯುವ ಕೋರಿಕಾಗದದ ಹೊತ್ತಿಗೆಗಳು ಯಾರೋ ಮಾಡಿದ ಕಾಗದದ ಮೇಲೆ ಬರೆದವಲ್ಲವೆ? ನಮ್ಮ ಹಸ್ತಪ್ರತಿ ಸೂಚಿಗಳಲ್ಲಿ ‘ಕಾಗದ’ ಎಂದಷ್ಟೇ ಬರೆದು ಮುಂದೆ ಹೋಗುತ್ತೇವೆ. ಹಾಳೆಯ ದಪ್ಪ, ಬಣ್ಣ, ನಾರು, ಬೆಳಕಿಗೆ ಹಿಡಿದಾಗ ಕಾಣುವ ಜಾಲರಿಯ ಗುರುತು ಇವನ್ನು ದಾಖಲಿಸಿದ್ದರೆ, ಒಂದು ಪ್ರತಿ ಎಲ್ಲಿ ಹುಟ್ಟಿತೆಂಬುದಕ್ಕೆ ಲಿಪಿಕಾರನ ಮಾತಿನ ಜೊತೆಗೆ ಹಾಳೆಯ ಸಾಕ್ಷಿಯೂ ಸಿಗುತ್ತಿತ್ತು. ಈ ಕೆಲಸಕ್ಕೆ ಈಗಲೂ ಕಾಲ ಮೀರಿಲ್ಲ.

ಇನ್ನು ಗೊಂಬೆ. ಗೋಕಾಕದಲ್ಲಿ ಇದು ಜೀನಗಾರರ ಕಸುಬು. ಜೀನವೆಂದರೆ ಕುದುರೆಯ ತಡಿ. ದಂಡಿಗೂ ಸರದಾರರಿಗೂ ತಡಿ ಹೊಲಿಯುತ್ತಿದ್ದ ಕೈಗಳು, ದಂಡು ಕರಗಿದ ಮೇಲೆ ಮರ, ಬಣ್ಣಗಳ ಕಡೆಗೆ ಹೊರಳಿದವೆಂದು ಹೆಸರಿನಿಂದ ಊಹಿಸಬಹುದು. ಊಹೆಯಷ್ಟೇ, ಜೀನಗಾರರು ಎಂದೂ ಒಂದೇ ಕಸುಬಿಗೆ ಕಟ್ಟುಬಿದ್ದವರಲ್ಲ. ಇಲ್ಲಿಯ ಗೊಂಬೆಯ ಹೆಗ್ಗಳಿಕೆ ಇರುವುದು ಹಣ್ಣು ಕಾಯಿಗಳಲ್ಲಿ. ಬುಟ್ಟಿಯಲ್ಲಿಟ್ಟ ಮಾವು, ಸೀತಾಫಲ, ಬದನೆ, ಮೆಣಸಿನಕಾಯಿಗಳನ್ನು ದಿಟವೆಂದೇ ತಿಳಿದು ಕೈಯಿಟ್ಟವನಿಗೆ ತೂಕದಿಂದಲೇ ಮೋಸ ಗೊತ್ತಾಗಬೇಕು. ಚನ್ನಪಟ್ಟಣದ ಗೊಂಬೆ ಚರಕಿಯ ಮೇಲೆ ತಿರುಗಿ ಅರಗಿನ ಹೊಳಪು ಪಡೆಯುತ್ತದೆ. ಗೋಕಾಕದ್ದು ಕೆತ್ತಿ, ಲೇಪಿಸಿ, ಕುಂಚದಿಂದ ಬಣ್ಣ ಕೊಟ್ಟದ್ದು. ಚನ್ನಪಟ್ಟಣಕ್ಕೆ ಬೆಂಗಳೂರು–ಮೈಸೂರಿನ ರಸ್ತೆ ಗಿರಾಕಿಗಳನ್ನು ತಂದುಕೊಟ್ಟಿತು. ಗೋಕಾಕಕ್ಕೆ ಅಂಥ ರಸ್ತೆ ಇರಲಿಲ್ಲ. ಅಗ್ಗದ ಪ್ಲಾಸ್ಟಿಕ್ ಬಂದಾಗ ಇದನ್ನು ತಡೆದು ಹಿಡಿದದ್ದು ಜಾತ್ರೆ, ಹಬ್ಬ, ದೇವರ ಮೂರ್ತಿಯ ಬಣ್ಣದ ಕೆಲಸ, ಕೆಲವು ರಸಿಕರ ಮನೆಯ ಕಪಾಟು.

ಉಳಿಯುವಿಕೆಯ ಗುಟ್ಟು ಕೊಳ್ಳುವವನಲ್ಲಿದೆ ಎಂಬುದಕ್ಕೆ ಕರದಂಟೇ ನಿದರ್ಶನ. ಕರಿದ ಅಂಟೇ ಕರದಂಟು. ಮರದ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸುವುದು. ಬಾಣಂತಿಗೆ ಕೊಡುವ ಅಂಟಿನುಂಡಿಯ ಬಳಗಕ್ಕೆ ಸೇರಿದ ತಿನಿಸು ಇದು. ಗರಡಿಯ ಪೈಲ್ವಾನರ ಪುಷ್ಟಿಗೂ ಇದೇ. ಬಾಗಲಕೋಟೆ ಜಿಲ್ಲೆಯ ಅಮೀನಗಡವೂ ಇದರಲ್ಲಿ ಸಮಾನ ಕೀರ್ತಿ ಪಡೆದಿದೆ; ಯಾರದು ಮೊದಲು ಎಂಬ ವಾದಕ್ಕೆ ಕೈಹಾಕುವ ಧೈರ್ಯ ನನಗಿಲ್ಲ. ಬಣ್ಣದ ವಿದ್ಯೆಯನ್ನು ಪುಡಿ ನುಂಗಿತು, ಈ ಪಾಕದ ವಿದ್ಯೆಯನ್ನು ಯಾವುದೂ ನುಂಗಲಿಲ್ಲ. ಗಿರಣಿಯ ರೈಲು, ಮೋಟಾರುಗಳೇ ಅದನ್ನು ಹೊರ ಊರಿಗೆ ಒಯ್ದವು.

ಕರದಂಟಿನ ಬೆಲ್ಲ ನಮ್ಮನ್ನು ಹುಕ್ಕೇರಿ, ಮೂಡಲಗಿಗಳ ಕಬ್ಬಿನ ಹೊಲಕ್ಕೆ ಕರೆದೊಯ್ಯುತ್ತದೆ. ಆದಿಲ್‌ಶಾಹಿ ಕಾಲದ ಗುಮ್ಮಟಗಳಿರುವ ಹುಕ್ಕೇರಿಯನ್ನು ಜನ ‘ಹೂವಿನ ಕೇರಿ’ ಎಂದು ಬಿಡಿಸುತ್ತಾರೆ. ಇಲ್ಲಿಯ ಗುಲಾಬಿ ವಿಜಾಪುರಕ್ಕೆ ಹೋಗುತ್ತಿತ್ತಂತೆ. ಈ ನಿಷ್ಪತ್ತಿಯನ್ನು ಭಾಷಾಶಾಸ್ತ್ರ ಒಪ್ಪಲಿ ಬಿಡಲಿ, ಊರು ತನ್ನ ನೆನಪಿನಲ್ಲಿ ಒಂದು ಕಸುಬನ್ನು ಇಟ್ಟುಕೊಂಡಿದೆ. ಆಧುನಿಕ ಕಾಲದಲ್ಲಿ ಹುಕ್ಕೇರಿಯ ಹೆಸರು ನಿಂತಿರುವುದು ಮತ್ತೊಂದು ಕಾರಣಕ್ಕೆ. 1969ರಲ್ಲಿ ಇಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಹೆಸರು ಅದರೊಡನೆ ಬೆಸೆದುಕೊಂಡಿದೆ. ದೇಶದಲ್ಲಿ ಪ್ರಯೋಗವಾಗಿ ಆರಂಭವಾದ ಮೊದಲ ಐದು ಇಂಥ ಸಂಘಗಳಲ್ಲಿ ಇದೂ ಒಂದು. ಕರ್ನಾಟಕದಲ್ಲಿ ವಿದ್ಯುತ್ ಹಂಚುವ ಸಹಕಾರಿ ಸಂಘ ಇದೊಂದೇ. ಗೋಕಾಕದಲ್ಲಿ 1887ರಲ್ಲಿ ನದಿಯ ಶಕ್ತಿ ಮುಂಬಯಿಯ ಕಂಪನಿಯದಾಗಿತ್ತು. ನೆರೆಯ ಹುಕ್ಕೇರಿಯಲ್ಲಿ ಎಂಬತ್ತೆರಡು ವರ್ಷಗಳ ಮೇಲೆ ತಂತಿಯಲ್ಲಿ ಬಂದ ಶಕ್ತಿಯ ಹಂಚಿಕೆ ಒಕ್ಕಲಿಗರ ಸಂಘದ್ದಾಯಿತು. ಈ ವ್ಯತ್ಯಾಸವನ್ನು ನಮ್ಮ ಪ್ರಾದೇಶಿಕ ಇತಿಹಾಸಗಳು ಸಾಕಷ್ಟು ಗಮನಿಸಿಲ್ಲ.

ಪಂಪು ಬಂದಲ್ಲಿ ಕಬ್ಬು ಬಂತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ನೀರು ಒದಗಿಸಿತು. ಸಂಕೇಶ್ವರದ ಹಿರಣ್ಯಕೇಶಿ, ಪ್ರಭಾನಗರದ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗಳು ಕಬ್ಬನ್ನು ಸೆಳೆದವು. ಎತ್ತಿನ ಗಾಣ ಎಂಜಿನ್ನಿನ ಗಾಣವಾಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಸಿ, ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು, ಪಾಕದ ಹದ ನೋಡುವವನ ಬೆರಳು ಮಾತ್ರ ಬದಲಾಗಲಿಲ್ಲ. ಬೆಲ್ಲಕ್ಕೆ ಸಮೀಪದ ಮಹಾಲಿಂಗಪುರದಲ್ಲಿ ದೊಡ್ಡ ಪೇಟೆಯುಂಟು. ಕಬ್ಬು ಹೆಚ್ಚಿ ಹುಲ್ಲುಗಾವಲು ಕುಗ್ಗಿದಲ್ಲಿ ಕುರಿ ದೂರವಾಯಿತು. ಹುಣಸೆ ಬೀಜದ ಸರಿ ಬಳಿದು ಬಿಗಿಗೊಳಿಸುವ ಕರಿಯ ಕಂಬಳಿಯ ಮಗ್ಗಗಳೂ ಅದರೊಡನೆ ವಿರಳವಾದವು.

ಗೋಕಾಕದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಮೂಡಲಗಿಗೆ ಸೇರಿದ ಕುಲಗೋಡ, ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಅವಿಭಜಿತ ಗೋಕಾಕ ತಾಲ್ಲೂಕಿನದೇ ಆದ ಕೌಜಲಗಿಯ ನಿಂಗಮ್ಮ ಆ ಆಟದ ಹೆಸರಾಂತ ಕಲಾವಿದೆ. ಪಾರಿಜಾತ ಮೇಳವೂ ಒಂದು ಕಸುಬೇ. ಅದರಲ್ಲಿ ರಂಗಕ್ಕೆ ಬರುವ ಗೊಲ್ಲತಿ, ಕೊರವಂಜಿಯರೂ ತಮ್ಮ ತಮ್ಮ ಕಸುಬಿನ ಮಾತನ್ನೇ ಆಡುತ್ತಾರೆ. ಹಾಲು ಮಾರುವ ಕೂಗು, ಕಣಿ ಹೇಳುವ ಧಾಟಿ, ಬುಟ್ಟಿ ಹೆಣೆಯುವ ಮಾತು ಯಾವ ಗೆಜೆಟಿಯರಿನಲ್ಲೂ ಇಲ್ಲ, ಈ ಆಟದಲ್ಲಿ ಇವೆ. ಸಾಹಿತ್ಯದ ಸಂಶೋಧಕರು ಪಾರಿಜಾತದಲ್ಲಿ ಭಕ್ತಿ, ಶೃಂಗಾರಗಳನ್ನು ಹುಡುಕಿ ದಣಿದಿದ್ದಾರೆ. ಪದಕೋಶದ ದೃಷ್ಟಿಯಿಂದ ಅದನ್ನು ಓದಿದವರು ಕಡಿಮೆ.

ಗೊಂಬೆಗೆ ಬಳಸುವ ಆ ‘ವಿಶೇಷ ಮಣ್ಣು’ ಇಂಗ್ಲಿಷಿನ ಒಂದು ನುಡಿಗಟ್ಟಾಗಿ ನೂರು ವರ್ಷಕ್ಕೂ ಮೇಲ್ಪಟ್ಟು ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿದೆ. ಜೀನಗಾರರ ಮನೆಗಳಲ್ಲಿ ಅದಕ್ಕೆ ಒಂದು ಹೆಸರಿರಲೇಬೇಕು. ಅದನ್ನು ಅಗೆಯುವ ಜಾಗಕ್ಕೆ, ಸೋಸುವ ಬಟ್ಟೆಗೆ, ಕಲಸುವ ಹದಕ್ಕೆ, ಲೇಪದ ಒಂದೊಂದು ಪದರಕ್ಕೆ ಹೆಸರಿರಬೇಕು. ಹೊಸ ಪಿಎಚ್.ಡಿ. ವಿಷಯ ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಒಂದು ನೋಟುಪುಸ್ತಕ ಹಿಡಿದು ಗೋಕಾಕಕ್ಕೆ ಹೋಗಿ ಆ ಮನೆಗಳ ಹಿರಿಯರ ಮುಂದೆ ಕುಳಿತುಕೊಳ್ಳಿರೆಂದು.