ಯೋತು ಯಿಂಡಿ ಮತ್ತು ಬಾರದ ಒಪ್ಪಂದ

ಆಸ್ಟ್ರೇಲಿಯಾದ 'ಯೋತು ಯಿಂಡಿ' ಬ್ಯಾಂಡನ್ನ ಕೇಳಿದೀರಾ? ಇಲ್ಲದಿದ್ರೆ 'ಟ್ರೀಟಿ' ಹಾಡಿನಿಂದ ಶುರು ಮಾಡಿ. ಟ್ರೀಟಿ ಅಂದ್ರೆ ಒಪ್ಪಂದ. ಕುಣಿಸೋ ಹಾಡೇ, ಆದ್ರೆ ಅದರ ಹಿಂದಿರೋದು ಒಂದು ಮುರಿದ ಮಾತು.

1986ರಲ್ಲಿ ಹುಟ್ಟಿದ ಬ್ಯಾಂಡಿದು. ದೇಶದ ಉತ್ತರಕ್ಕಿರೋ ಆರ್ನೆಮ್ ಲ್ಯಾಂಡಿನ ಯೋಲ್ಙು ಮೂಲನಿವಾಸಿಗಳು, ಜೊತೆಗೆ ಕೆಲವರು ಬಿಳಿಯರು. (ಒಂದನೇ ಕ್ಲಾಸಲ್ಲಿ ಕಲಿತು ಬಿಟ್ಟ ನಮ್ಮ 'ಙ'ಗೆ ಕೊನೆಗೂ ಒಂದು ಕೆಲಸ ಸಿಕ್ತು ನೋಡಿ!) ಹೆಸರಿನ ಅರ್ಥ ಮಗು ಮತ್ತು ತಾಯಿ. ಗಿಟಾರು, ಡ್ರಮ್ಮುಗಳ ಪಕ್ಕದಲ್ಲೇ ತಾಳದ ಕೋಲು 'ಬಿಲ್ಮ', ಮತ್ತೆ 'ಯಿಡಕಿ', ಅಂದ್ರೆ ಗೆದ್ದಲು ತಿಂದು ಪೊಳ್ಳಾದ ಮರದಿಂದ ಮಾಡಿದ ಉದ್ದನೆಯ ಊದುವ ವಾದ್ಯ. ಹಾಡುಗಾರ ಮಂಡವುಯ್ ಯುನುಪಿಙು ವೃತ್ತಿಯಲ್ಲಿ ಮೇಷ್ಟ್ರು. 1990ರಲ್ಲಿ ಯಿರ್ಕಲಾ ಶಾಲೆಯ ಪ್ರಿನ್ಸಿಪಾಲರಾದವರು.

ಕಥೆ ಮಾತ್ರ ಇನ್ನೂ ಹಳೇದು. 1963ರಲ್ಲಿ ಇವರ ನೆಲವನ್ನ ಕೇಳದೇ ಬಾಕ್ಸೈಟ್ ಗಣಿಗೆ ಕೊಟ್ಟಾಗ, ಯೋಲ್ಙು ಹಿರಿಯರು ಮರದ ತೊಗಟೆ ಮೇಲೆ ಚಿತ್ರ ಬರೆದು, ತಮ್ಮ ಭಾಷೆ ಮತ್ತು ಇಂಗ್ಲಿಷಲ್ಲಿ ಟೈಪ್ ಮಾಡಿದ ಅರ್ಜಿ ಅಂಟಿಸಿ ಪಾರ್ಲಿಮೆಂಟಿಗೆ ಕಳಿಸಿದ್ರು. ಚಿತ್ರ ಬರೆದವರಲ್ಲಿ ಮಂಡವುಯ್ ಅವರ ಅಪ್ಪನೂ ಒಬ್ಬರು. ಗಣಿ ನಿಲ್ಲಲಿಲ್ಲ.

1988ರಲ್ಲಿ ಬರುಂಗಾ ಅನ್ನೋ ಊರಿನ ಉತ್ಸವಕ್ಕೆ ಪ್ರಧಾನಿ ಬಾಬ್ ಹಾಕ್ ಬಂದ್ರು. ಮಂಡವುಯ್ ಅವರ ಅಣ್ಣ ಗಲರ್ವುಯ್ ಮತ್ತೊಬ್ಬ ಮುಖಂಡರ ಜೊತೆ ಮತ್ತೆ ಅಂಥದೇ ಒಂದು ಚಿತ್ರಿತ ಮನವಿ ಕೊಟ್ರು. ಈ ಪಾರ್ಲಿಮೆಂಟಿನ ಅವಧಿಯೊಳಗೇ ಮೂಲನಿವಾಸಿಗಳ ಜೊತೆ ಒಪ್ಪಂದ ಆಗತ್ತೆ ಅಂದ್ರು ಹಾಕ್. 1990 ಬಂತು, ಹೋಯ್ತು. ಒಪ್ಪಂದ ಬರಲಿಲ್ಲ.

ಹಾಡು ಬಂತು, 1991ರಲ್ಲಿ. ಪಾಲ್ ಕೆಲ್ಲಿ, ಮಿಡ್‌ನೈಟ್ ಆಯಿಲ್‌ನ ಪೀಟರ್ ಗ್ಯಾರೆಟ್ ಜೊತೆ ಸೇರಿ ಬರೆದಿದ್ದು. ರಾಜಕಾರಣಿಗಳಿಗೆ ನೇರವಾಗಿ ಚುಚ್ಚೋ ಸಾಲುಗಳು ಇಂಗ್ಲಿಷಲ್ಲಿ, ಕುಣಿಯೋ ಭಾಗ ಯೋಲ್ಙುಗಳ ಗುಮಾಚ್ ಭಾಷೆಯಲ್ಲಿ. ಮೊದಲಿಗೆ ಯಾರೂ ಅಷ್ಟಾಗಿ ಕೇಳಲಿಲ್ಲ. ಆಮೇಲೆ ಮೆಲ್ಬರ್ನಿನ 'ಫಿಲ್ತಿ ಲೂಕರ್' ತಂಡ ಚುಚ್ಚೋ ಇಂಗ್ಲಿಷ್ ಸಾಲುಗಳನ್ನ ಬಹುಪಾಲು ಕಿತ್ತುಹಾಕಿ ಡ್ಯಾನ್ಸ್ ರೀಮಿಕ್ಸ್ ಮಾಡಿತು. ಅದು ಆಸ್ಟ್ರೇಲಿಯಾದ ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಏರಿತು! ಬೇಡಿಕೆಯನ್ನ ತೆಗೆದ್ರೆ ಮಾತ್ರ ಹಾಡು ಓಡತ್ತಾ ಅಂತ ನಂಗೆ ಸಿಟ್ಟು ಬರತ್ತೆ, ಮೂಲ ರೂಪವೇ ನಂಗಿಷ್ಟ. ಆದ್ರೆ ಇನ್ನೊಂದು ಕಡೆಯಿಂದ ನೋಡಿ: ಕೆಲವೇ ಜನ ಆಡೋ ಭಾಷೆಯೊಂದಕ್ಕೆ ಇಡೀ ದೇಶದ ಡಿಸ್ಕೋಗಳು ಕುಣಿದವು. ಪಠ್ಯಪುಸ್ತಕದಿಂದ ಆಗೋ ಕೆಲಸ ಅಲ್ಲ ಅದು.

ಅದೇ ವರ್ಷ ಡಿಸೆಂಬರಿನಲ್ಲಿ ಹಾಕ್ ಪ್ರಧಾನಿ ಪಟ್ಟ ಕಳಕೊಂಡ್ರು. ಹೊರಡೋ ಮುಂಚೆ ಪ್ರಧಾನಿಯಾಗಿ ಅವರು ಮಾಡಿದ ಕೊನೇ ಕೆಲಸ, ಬರುಂಗಾದ ಆ ಮನವಿಯನ್ನ ಪಾರ್ಲಿಮೆಂಟ್ ಭವನದಲ್ಲಿ ತೂಗುಹಾಕಿದ್ದು. ಮರುವರ್ಷ, ಅಂದ್ರೆ 1992ಕ್ಕೆ, ಮಂಡವುಯ್ 'ವರ್ಷದ ಆಸ್ಟ್ರೇಲಿಯನ್' ಆದ್ರು. ಗೌರವಕ್ಕೇನೂ ಕಮ್ಮಿ ಇರಲಿಲ್ಲ. 2013ರಲ್ಲಿ, 56ನೇ ವಯಸ್ಸಿಗೇ, ಕಿಡ್ನಿ ಕಾಯಿಲೆಯಿಂದ ತೀರಿಕೊಂಡ್ರು. ಹಾಕ್ ಮಾತು ಕೊಟ್ಟ ಒಪ್ಪಂದ ಅಷ್ಟೊತ್ತಿಗೂ ಆಗಿರಲಿಲ್ಲ.